ಸತ್ಯಾಂಶ: ‘ಗೆಲುವು ಖಚಿತ’ ಎನ್ನುವ ಸಮೀಕ್ಷೆಯ ಪಟ್ಟಿ

ಮತದಾನ ಹತ್ತಿರವಾದಾಗಲೆಲ್ಲ ಮೊಬೈಲಿಗೆ ಒಂದು ಪಟ್ಟಿ ಬರುತ್ತದೆ: ಲಕ್ಷಾಂತರ ಜನರನ್ನು ಕೇಳಿದ್ದಾರಂತೆ, ಇಂಥವರ ಗೆಲುವು ಖಚಿತವಂತೆ, ಉಳಿದವರಿಗೆ ಹಾಕಿದ ಮತ ವ್ಯರ್ಥವಂತೆ. ಕಳುಹಿಸುವವರಲ್ಲಿ ಅನೇಕರು ನಂಬಿಯೇ ಕಳುಹಿಸುತ್ತಾರೆ. ಆದರೆ ಈ ಮಾತು ತಪ್ಪು.

ಎಷ್ಟು ಜನರನ್ನು ಕೇಳಿದರು ಎಂಬುದಕ್ಕಿಂತ ಯಾರನ್ನು ಕೇಳಿದರು ಎಂಬುದು ಮುಖ್ಯ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಪತ್ರಿಕೆಯೊಂದು 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಸಂಗ್ರಹಿಸಿತ್ತು. ಅದು ಗೆಲ್ಲುತ್ತಾರೆ ಎಂದ ಅಭ್ಯರ್ಥಿ ಭಾರಿ ಅಂತರದಲ್ಲಿ ಸೋತರು. ವಿಳಾಸಗಳನ್ನು ಹೆಚ್ಚಾಗಿ ದೂರವಾಣಿ ಮತ್ತು ಕಾರು ಇದ್ದವರ ಪಟ್ಟಿಗಳಿಂದ ತೆಗೆದಿದ್ದರು. ಉತ್ತರ ಬರೆದವರೂ ಎಲ್ಲ ಮತದಾರರನ್ನು ಪ್ರತಿನಿಧಿಸುತ್ತಿರಲಿಲ್ಲ.

‘ಮತ ವ್ಯರ್ಥ’ ಎಂಬ ಮಾತು ನನ್ನನ್ನು ಇನ್ನಷ್ಟು ಕಾಡುತ್ತದೆ. ಎಣಿಕೆಗೆ ಮೊದಲು ಯಾರೂ ಗೆದ್ದಿರುವುದಿಲ್ಲ. ಅಭ್ಯರ್ಥಿಯ ಕೆಲಸ, ನಿಲುವು ನೋಡಿ ಆರಿಸಬೇಕೆಂದಿದ್ದವರು ಇದನ್ನು ನಂಬಿ ಮನೆಯಲ್ಲೇ ಉಳಿದರೆ, ಸುಳ್ಳು ಅಂಕಿಯೇ ಫಲಿತಾಂಶವನ್ನು ತಿದ್ದಿದಂತಾಗುತ್ತದೆ.

ಪಟ್ಟಿ ಬಂದಾಗ ಸಮೀಕ್ಷೆ ನಡೆಸಿದವರ ಹೆಸರು, ದಿನಾಂಕ, ಕೇಳಿದ ಪ್ರಶ್ನೆ, ಜನರನ್ನು ಆರಿಸಿದ ಬಗೆ ಇದೆಯೇ ನೋಡಿ. ಹೆಸರಿದ್ದರೆ ಆ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಹುಡುಕಿ. ಲಾಂಛನವನ್ನು ಯಾರು ಬೇಕಾದರೂ ಅಂಟಿಸಬಹುದು. ಅಲ್ಲಿ ಸಿಗದಿದ್ದರೆ ಮುಂದಕ್ಕೆ ಕಳುಹಿಸಬೇಡಿ.