ಕಾರಿನ ಬಾಗಿಲಿನ ತಳದ ತೂತುಗಳನ್ನು ಮುಚ್ಚಬೇಡಿ

ಮಳೆಗಾಲಕ್ಕೆ ಮುನ್ನ ಕಾರಿನ ಬಾಗಿಲುಗಳ ತಳದ ಸಣ್ಣ ತೂತುಗಳನ್ನು ಎಂ-ಸೀಲ್ ಹಾಕಿ ಮುಚ್ಚಿದರೆ ಒಳಗೆ ತುಕ್ಕು ಹಿಡಿಯುವುದಿಲ್ಲ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಹಾಗೆ ಮಾಡಿದರೆ ತುಕ್ಕಿಗೆ ನಾವೇ ಮಣೆ ಹಾಕಿದಂತೆ.

ನೀರು ಮುಖ್ಯವಾಗಿ ಬರುವುದು ಕೆಳಗಿನಿಂದಲ್ಲ. ಕಿಟಕಿ ಗಾಜಿನಂಚಿನ ರಬ್ಬರ್ ದಾಟಿ ಮೇಲಿನಿಂದ ಇಳಿದು, ಎರಡು ತಗಡುಗಳ ನಡುವೆ ಹರಿದು, ಆ ತೂತುಗಳಿಂದಲೇ ಹೊರಬೀಳುತ್ತದೆ. ತಯಾರಕರು ಬೇಕೆಂದೇ ಬಿಟ್ಟ ದಾರಿ ಅದು. ಬಾಗಿಲು ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ತೂತು ಮಣ್ಣಿನಿಂದ ಕಟ್ಟಿಕೊಂಡಿದೆ ಎಂದರ್ಥ. ತೆಳು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ತಂತಿ ಬೇಡ, ಬಣ್ಣ ಕೆರೆಯುತ್ತದೆ.

ಈಗಾಗಲೇ ತುಕ್ಕು ಹಿಡಿದಿದ್ದರೆ ಹೊರಗಿನಿಂದ ಬಣ್ಣ ಬಳಿದು ಪ್ರಯೋಜನವಿಲ್ಲ. ಬಾಗಿಲಿನ ಒಳಬದಿಯ ಟ್ರಿಮ್ (ಹೊದಿಕೆಯ ಫಲಕ) ಕಳಚಿ, ಅದರ ಹಿಂದಿರುವ ಪ್ಲಾಸ್ಟಿಕ್ ಹಾಳೆ ಬಿಡಿಸಿ, ತುಕ್ಕು ಉಜ್ಜಿ ಪ್ರೈಮರ್ ಹಾಕಬೇಕು, ಮೇಲೆ ಮೇಣದ ಸ್ಪ್ರೇ. ಹಾಳೆಯನ್ನು ಮತ್ತೆ ಸರಿಯಾಗಿ ಅಂಟಿಸದಿದ್ದರೆ ನೀರು ನೇರ ಕಾರ್ಪೆಟ್‌ಗೇ ಇಳಿಯುತ್ತದೆ.