ಬಾಹ್ಯಾಕಾಶ ನಿಲ್ದಾಣ ಕೈಕೊಟ್ಟಿತಂತೆ!

ಮತ್ತೆ ಅದೇ ರಾಗ. "ಏಳು ಗಂಟೆಗೆ ಐಎಸ್ಎಸ್ (ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ) ಕಾಣುತ್ತೆ ಅಂದಿದ್ರು, ಬರಲೇ ಇಲ್ಲ, ಎಲ್ಲ ಬೊಗಳೆ" ಅಂತ ಇವತ್ತು ಒಂದು ಗ್ರೂಪಿನಲ್ಲಿ ದೊಡ್ಡ ರಂಪ. ನೋಡಿದರೆ ಕೈಯಲ್ಲಿರುವುದು ನಾಲ್ಕು ದಿನದ ಹಿಂದಿನ ಸ್ಕ್ರೀನ್‌ಶಾಟ್. ಅದೂ ಫಾರ್ವರ್ಡ್ ಆಗಿ ಬಂದದ್ದು. ಸ್ವಾಮಿ, ಇದು ಕೆಎಸ್ಆರ್‌ಟಿಸಿ ವೇಳಾಪಟ್ಟಿಯಲ್ಲ, ಒಮ್ಮೆ ಬರೆದು ಗೋಡೆಗೆ ಅಂಟಿಸೋಕೆ.

ಉಪಗ್ರಹ ಯಾವಾಗ, ಎಲ್ಲಿ ಕಾಣುತ್ತದೆ ಅಂತ ಹೇಳುವ ಹೆವೆನ್ಸ್ ಅಬವ್ ಥರದ ತಾಣಗಳು ಲೆಕ್ಕ ಹಾಕುವುದು ಟಿಎಲ್ಇ ಎಂಬ, ಉಪಗ್ರಹದ ಕಕ್ಷೆ ಹೇಳುವ ಎರಡು ಸಾಲಿನ ಅಂಕಿಗಳಿಂದ. ತಾಜಾ ಟಿಎಲ್ಇಯಲ್ಲಿ ಸುಮಾರು 1 ಕಿ.ಮೀ. ತಪ್ಪಿರುತ್ತದೆ, ಆಮೇಲೆ ದಿನಕ್ಕೆ 1ರಿಂದ 3 ಕಿ.ಮೀ. ಬೆಳೆಯುತ್ತದೆ. ನಿಲ್ದಾಣ ಓಡುವುದು ಸೆಕೆಂಡಿಗೆ 7.66 ಕಿ.ಮೀ. ಅಂದರೆ ಅವತ್ತಿನ ಲೆಕ್ಕ ಸೆಕೆಂಡಿನ ಆಸುಪಾಸಿನಲ್ಲೇ ಸರಿ. ಬರಿಗಣ್ಣಿಗೆ ಇನ್ನೆಷ್ಟು ಬೇಕು?

ಎಡವಟ್ಟಾಗುವುದು ಆ ಅಂಕಿ ಹಳಸಿದಾಗ. ಆಗಾಗ ಎಂಜಿನ್ ಉರಿಸಿ ನಿಲ್ದಾಣವನ್ನು ಮೇಲೆತ್ತುತ್ತಾರೆ. ಒಂದೇ ಕಿ.ಮೀ. ಎತ್ತಿದರೂ ಸುತ್ತು ದೊಡ್ಡದಾಗಿ ಪ್ರತಿ ಸುತ್ತಿಗೆ 1.2 ಸೆಕೆಂಡ್ ತಡ, ದಿನಕ್ಕೆ ಹದಿನೈದೂವರೆ ಸುತ್ತು. ನಾಲ್ಕು ದಿನಕ್ಕೆ ನಿಮಿಷ ದಾಟಿತಲ್ಲ! ಸೂರ್ಯ ಕೆರಳಿದರೆ ಉಲ್ಟಾ: ಮೇಲಿನ ತೆಳುಗಾಳಿ ಉಬ್ಬಿ ಕಕ್ಷೆ ಇಳಿಯುತ್ತದೆ, ಉಪಗ್ರಹ ಹೇಳಿದ್ದಕ್ಕಿಂತ ಮೊದಲೇ ಬಂದು ಹೋಗಿರುತ್ತದೆ. ಹೊಸದಾಗಿ ಹಾರಿಸಿದ ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳ ಸಾಲಿನದು ಇನ್ನೂ ಕಷ್ಟ, ಅವು ಕಕ್ಷೆ ಏರುತ್ತಲೇ ಇರುತ್ತವೆ.

"ಜನಸಾಮಾನ್ಯರಿಗೆ ಇದೆಲ್ಲ ಯಾಕೆ, ಆ್ಯಪೇ ನೋಡಿಕೊಳ್ಳಲಿ" ಅನ್ನುವವರಿದ್ದಾರೆ. ನೋಡಿಕೊಳ್ಳುತ್ತದೆ, ನೀವು ನೆಟ್ ಆನ್ ಮಾಡಿ ನಿಮ್ಮ ಊರು ಹಾಕಿದರೆ! ಬೆಂಗಳೂರಿಗೆ ಹಾಕಿದ ಲೆಕ್ಕವನ್ನು ಕಲಬುರಗಿಯಲ್ಲಿ ನೋಡಿದರೆ ಸುಮಾರು 490 ಕಿ.ಮೀ. ವ್ಯತ್ಯಾಸ. ಅಲ್ಲಿ ನೆತ್ತಿಯ ಮೇಲೆ ಹಾದದ್ದು ಇಲ್ಲಿ ಅರ್ಧ ಎತ್ತರಕ್ಕೂ ಬರದೆ ಹೋಗಬಹುದು. ಆಕಾಶದ ನಕ್ಷೆಯಲ್ಲಿ ಪೂರ್ವ ಎಡಗಡೆ ಇರುತ್ತದೆ, ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ನೋಡಬೇಕು ಅನ್ನುವುದೂ ಎಷ್ಟೋ ಜನರಿಗೆ ಬೇಡ.

ನನಗೂ ನಂಬಿಕೆಯಿಲ್ಲದ್ದು ಒಂದೇ, ಹೊಳಪಿನ ಅಂಕಿ. ಉಪಗ್ರಹ ಯಾವ ಮೈ ತಿರುಗಿಸಿದೆ ಅಂತ ಟಿಎಲ್ಇಗೆ ಗೊತ್ತಿರುವುದಿಲ್ಲ. ಅದು ಬರೀ ಅಂದಾಜು.

ಸಮಯ ತಪ್ಪಿದರೂ ದಾರಿ ಹೆಚ್ಚು ಕದಲುವುದಿಲ್ಲ. ಹೇಳಿದ ದಿಕ್ಕಿನಲ್ಲಿ ಎರಡು ನಿಮಿಷ ಮೊದಲೇ ಕಣ್ಣಿಡಿ, ಎರಡು ನಿಮಿಷ ಹೆಚ್ಚು ಕಾಯಿರಿ. ಬೈಯುವ ಮೊದಲು ಟಿಎಲ್ಇ ಮೊದಲ ಸಾಲಿನ 19ನೇ ಅಕ್ಷರದಿಂದ ಓದಿ. 24131.5 ಅಂತಿದ್ದರೆ 2024ರ 131ನೇ ದಿನ, ಅಂದರೆ ಮೇ 10; .5 ಅಂದರೆ ಅರ್ಧ ದಿನ, ಗ್ರೀನಿಚ್ ಸಮಯದ ಮಧ್ಯಾಹ್ನ, ನಮ್ಮ ಸಂಜೆ 5:30. ಅಲ್ಲಿಂದ ಮೂರು ದಿನ ದಾಟಿದ್ದರೆ ಹೊಸದು ಇಳಿಸಿಕೊಳ್ಳಿ.