ನಮ್ಮನೆ ಕ್ಯಾಮೆರಾಗೆ ಇರುಳುಗುರುಡು

ಇವತ್ತು ಬೆಳಿಗ್ಗೆಯೂ ದಾಸವಾಳದ ಗಿಡ ಬೋಳು. ಗೇಟಿನ ಮೇಲೆ ಕ್ಯಾಮೆರಾ ಇದೆ, ಗಿಡದಲ್ಲಿ ಹೂವಿಲ್ಲ.

ನಸುಕಿನಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ವಾಕಿಂಗ್ ಹೋಗುವ ಭಕ್ತರು ನಿಮ್ಮ ಬೀದಿಯಲ್ಲೂ ಇರುತ್ತಾರೆ, ಅಲ್ವಾ? ಅವರನ್ನು ಹಿಡಿಯಲೆಂದೇ ಕ್ಯಾಮೆರಾ ಹಾಕಿಸಿದ್ದು. ಕೇಬಲ್ ನಾನೇ ತರುತ್ತೇನೆಂದು ಜಂಬದಿಂದ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವನು ತಲೆ ಎತ್ತದೆ, "ತ್ರೀ ಪ್ಲಸ್ ಒನ್ನಾ? ಕಾಪರ್ ಕೊಡಲಾ, ಅಲಾಯ್ ಕೊಡಲಾ?" ಎಂದ. ತ್ರೀ ಪ್ಲಸ್ ಒನ್ ಅಂದರೆ ಕರೆಂಟು, ದನಿಗೆಂದು ಮೂರು ವೈರು, ಚಿತ್ರಕ್ಕೆ ಒಂದು. ಕಾಪರ್, ಅಲಾಯ್ ಎರಡೂ ನೋಡಲು ಒಂದೇ. 90 ಮೀಟರ್ ಬಂಡಲ್‌ಗೆ 800 ರೂಪಾಯಿ ವ್ಯತ್ಯಾಸ. ಕಾರಿನ ಅಲಾಯ್ ವೀಲ್‌ಗೆ ಜನ ಜಾಸ್ತಿ ದುಡ್ಡು ಕೊಡುತ್ತಾರೆ, ಇಲ್ಲಿ ಕಮ್ಮಿಗೇ ಸಿಗುತ್ತಿದೆ! ತಂದುಬಿಟ್ಟೆ.

ಕೂರಿಸಲು ಬಂದ ಹುಡುಗನ ಬಾಯಲ್ಲಿ ಸದಾ ಎರಡೇ: ವೈರು, ಮತ್ತೆ "ಏನೂ ಆಗಲ್ಲ ಸಾರ್". ವೈರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿಯುತ್ತಿದ್ದ. ಚಿತ್ರದ ವೈರಿನ ಬಿಎನ್‌ಸಿ ಕನೆಕ್ಟರ್ ಅಲ್ಲಾಡ್ತಿದೆಯಲ್ಲಪ್ಪಾ? "ಏಊ ಆಗಲ್ಲ ಹಾರ್." ಕರೆಂಟು ಕೊಡುವ ಡಿಸಿ ಪಿನ್ ಒಂದು ಕಮ್ಮಿ ಬಂತು, ವೈರಿಗೆ ವೈರು ಹೊಸೆದು ಕಪ್ಪು ಟೇಪ್ ಸುತ್ತಿದ. ಮಳೆ ಬಂದರೆ? ಖಾಲಿ ಹಾಲಿನ ಕವರ್ ಕೇಳಿ ಇಸ್ಕೊಂಡು ಕಟ್ಟಿದ. "ಏಊ ಆಗಲ್ಲ." ಕೊನೆಗೆ ಏಣಿ ಜಾರಿ ನಮ್ಮ ತುಳಸಿ ಕುಂಡ ಒಡೆಯಿತು. ಆಗ ಬಾಯಲ್ಲಿ ವೈರು ಇರಲಿಲ್ಲ, ಸ್ಪಷ್ಟವಾಗಿಯೇ ಹೇಳಿದ.

ಮೇಲಿಂದ ಅವನು, "ಬಂತಾ ಸಾರ್?" ಕೆಳಗಿಂದ ನಾನು, "ಬಂತು... ಹೋಯ್ತು... ಬಂತು!" ಅಪ್ಪ ತಾರಸಿ ಮೇಲೆ ಟಿವಿ ಆಂಟೆನಾ ತಿರುಗಿಸುವಾಗಲೂ ಇದೇ ಮಾತು. ಕೈಬಿಟ್ಟರೆ ಚಿತ್ರ ಹೋಗುತ್ತಿತ್ತು. ಹಾಗಾಗಿ ಹಾಡು ಮುಗಿಯುವ ತನಕ ಕಂಬ ಹಿಡಿದು ನಿಂತಿರುತ್ತಿದ್ದರು. ಅವರು ಒಂದು ಹಾಡನ್ನೂ ನೋಡಿದ ನೆನಪಿಲ್ಲ.

ಇರಲಿ. ಹಗಲೆಲ್ಲ ಚಿತ್ರ ಕನ್ನಡಿ ಥರ. ಕತ್ತಲಾದರೆ ಕ್ಯಾಮೆರಾ ಕತ್ತಲಲ್ಲಿ ನೋಡಲು ತನ್ನ ಐಆರ್ (ಇನ್‌ಫ್ರಾರೆಡ್) ದೀಪ ಹಚ್ಚಬೇಕು, ಅದಕ್ಕೆ ಕರೆಂಟು ಜಾಸ್ತಿ ಬೇಕು. ಉಳಿದ ಕೇಬಲ್ ತುಂಡನ್ನು ಬ್ಲೇಡಿನಲ್ಲಿ ಕೆರೆದು ನೋಡಿದೆ. ಮೇಲೆ ತಾಮ್ರದ ಲೇಪ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಅದು ತಾಮ್ರದಷ್ಟು ಸಲೀಸಾಗಿ ಕರೆಂಟು ಬಿಡುವುದಿಲ್ಲ. ಪವರ್ ಸಪ್ಲೈ ಡಬ್ಬಿಯಿಂದ ಹೊರಟ 12 ವೋಲ್ಟ್ ಈ ದಾರಿಯಲ್ಲಿ ಗೇಟು ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ದೀಪ ಹತ್ತಿತೋ, ಕ್ಯಾಮೆರಾ ಆಫ್. ಮತ್ತೆ ಏಳುತ್ತದೆ, ಮತ್ತೆ ದೀಪ, ಮತ್ತೆ ಆಫ್. ರಾತ್ರಿಯಿಡೀ ಪರದೆ ಮೇಲೆ 'ವಿಡಿಯೋ ಲಾಸ್'. ಬೆಳಕು ಹರಿದ ಮೇಲೆ ಸರಿಹೋಗುತ್ತದೆ. ಬೋಳು ಗಿಡ, ಎಲೆ ಎಲೆಯೂ ಎಚ್‌ಡಿಯಲ್ಲಿ.

ಹುಡುಗನಿಗೆ ಫೋನ್ ಮಾಡಿದೆ. ಈ ಸಲ "ಏನೂ ಆಗಲ್ಲ" ಅನ್ನಲಿಲ್ಲ.

"ಕೇಬಲ್ ತಂದಿದ್ದು ನೀವೇ ಅಲ್ವಾ ಸಾರ್?" ಅಂದ.